ಮೊದಲು ಯಾರನ್ನ ಕರೆಸೋಣ?

ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ನಾನು ಕೇಳೋದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಇತಿಹಾಸದ ಪಾಡ್‌ಕಾಸ್ಟ್. ಮೊನ್ನೆ ಅದರಲ್ಲಿ, ‘ಮುಂದೆ ಯಾವ ವಿಷಯ ಬೇಕು, ಯಾರನ್ನ ಕರೆಸೋಣ?’ ಅಂತ ಕೇಳುಗರನ್ನೇ ಕೇಳಿದ್ರು. ಖುಷಿಯಿಂದ ಪಟ್ಟಿ ಮಾಡೋಕೆ ಕೂತೆ.

ಮೊದಲ ವಿಷಯ: ಟೋಕಿಯೊ, 1976ರ ಜೂನ್ 26. ಬಾಕ್ಸರ್ ಮಹಮ್ಮದ್ ಅಲಿ ಎದುರು ಕುಸ್ತಿಪಟು ಆಂಟೋನಿಯೊ ಇನೋಕಿ. 15 ಸುತ್ತುಗಳಲ್ಲಿ ಇನೋಕಿ ಹೆಚ್ಚುಹೊತ್ತು ನೆಲದ ಮೇಲಿಂದಲೇ ಅಲಿಯ ಕಾಲಿಗೆ ಒದ್ದರು. ಪಂದ್ಯ ಡ್ರಾ. ನೋಡಿದವರು ಬೈದ್ರು. ಆದ್ರೆ ಯುಎಫ್‌ಸಿ ಶುರುವಾಗಿದ್ದು 1993ರಲ್ಲಿ. ಅದಕ್ಕೂ 17 ವರ್ಷ ಮೊದಲಿನ ಪ್ರಯೋಗ ಇದು.

ಅತಿಥಿ? ಅಲಿ 2016ರಲ್ಲಿ ತೀರಿಕೊಂಡ್ರು. ಇನೋಕಿ, ರೆಫರಿ ಜೀನ್ ಲೆಬೆಲ್ ಇಬ್ಬರೂ 2022ರಲ್ಲಿ. ರಿಂಗ್‌ನಲ್ಲಿದ್ದ ಮೂವರಲ್ಲಿ ಒಬ್ಬರೂ ಇಲ್ಲ.

ಟೈಪ್ ಮಾಡ್ತಿದ್ದ ಬೆರಳು ಅಲ್ಲೇ ನಿಂತಿತು. ನಮ್ಮಜ್ಜನೂ ಗರಡಿಮನೆಯ ಮಣ್ಣಲ್ಲಿ ಬೆಳೆದವರು. ಅವರು ಪಟ್ಟುಗಳ ಕಥೆ ಶುರು ಮಾಡಿದ್ರೆ ನಾನು ಮೊಬೈಲ್ ನೋಡ್ತಾ ‘ಹ್ಞೂಂ’ ಅಂತಿದ್ದೆ. ಒಂದು ದಿನವೂ ರೆಕಾರ್ಡ್ ಮಾಡ್ಕೊಳ್ಳಲಿಲ್ಲ. ಈಗ ಅಜ್ಜ ಇಲ್ಲ.

ಕೊನೆಗೆ ಬರೆದು ಕಳಿಸಿದ್ದು ಇಷ್ಟೇ: ‘ಚಾಂಪಿಯನ್‌ಗಳು ಆಮೇಲೆ ಬರಲಿ. ಮೊದಲು ವಯಸ್ಸಾದ ರೆಫರಿಗಳನ್ನ, ಕೋಚ್‌ಗಳನ್ನ, ಸೋತವರನ್ನ ಕರೆಸಿ.’

ಅಜ್ಜನ ಜತೆ ಸೆಣಸ್ತಿದ್ದ ಗೆಳೆಯರೊಬ್ಬರು ಊರಲ್ಲಿದ್ದಾರೆ. ಈ ಭಾನುವಾರ ಅವರ ಮನೆಗೆ ಹೋಗ್ತಿದ್ದೀನಿ.