ರಾಗಿ ಬಣ್ಣದ ರೈಲು

ಒಸಾಕಾದ ಉಮೆದಾ ನಿಲ್ದಾಣದೊಳಗೆ ಕಾಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಣ್ಣ. ಪಕ್ಕಪಕ್ಕದಲ್ಲೇ 9 ಹಳಿಗಳು, ಬಂದು ನಿಲ್ಲುವ ರೈಲುಗಳೆಲ್ಲ ಒಂದೇ ಬಣ್ಣದವು. ಅಲ್ಲಿಯವರು ಮರೂನ್ ಎನ್ನುತ್ತಾರೆ. ನನಗೆ ನೆನಪಾದದ್ದು ಕಣದಲ್ಲಿ ತೂರಿ ರಾಶಿ ಮಾಡಿದ ರಾಗಿ. ಹತ್ತಿರ ಹೋದರೆ ಬೋಗಿಯ ಮೈಯಲ್ಲಿ ನನ್ನ ಮುಖವೇ ಕಾಣುವಷ್ಟು ಹೊಳಪು.

ಇದು ಹಂಕ್ಯೂ ಎಂಬ ಖಾಸಗಿ ಕಂಪನಿಯ ರೈಲು. 1910ರಲ್ಲಿ ಮೊದಲ ಮಾರ್ಗ ತೆರೆದ ಕೊಬಯಾಶಿ ಇಚಿಜೊ, ಹಳಿಯ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿಸಿ ಕಂತಿನ ಮೇಲೆ ಮಾರಿದರು. ಮಾರ್ಗದ ಒಂದು ತುದಿಯ ತಕರಾಜುಕಾದಲ್ಲಿ ಹೆಣ್ಣುಮಕ್ಕಳದೇ ನಾಟಕ ಮಂಡಳಿ ಹುಟ್ಟುಹಾಕಿದರು. ಇನ್ನೊಂದು ತುದಿಯ ಉಮೆದಾದಲ್ಲಿ 1929ರಲ್ಲಿ ದೊಡ್ಡ ಮಳಿಗೆ ತೆರೆದರು. ನಮ್ಮಲ್ಲಿ ಬಡಾವಣೆ ಬೆಳೆದು ರಸ್ತೆ ಕಟ್ಟಿಕೊಂಡ ಮೇಲೆ ರೈಲಿಗಾಗಿ ಮನವಿ ಕೊಡುತ್ತೇವೆ. ಅಲ್ಲಿ ರೈಲು ಮೊದಲು ಬಂತು, ಊರು ಅದರ ಹಿಂದೆ ಬಂತು.

ನಾನು ಹತ್ತಿದ್ದು ಕ್ಯೋಟೋ ಕಡೆಯ ವೇಗದೂತ. 2003ರಲ್ಲಿ ಓಡಾಟಕ್ಕೆ ಬಂದ 9300 ಮಾದರಿ, 8 ಬೋಗಿ. ಒಳಗೆ ಹೋದವನು ಒಂದು ಗಳಿಗೆ ಸುಮ್ಮನೆ ನಿಂತೆ. ಗೋಡೆಗೆಲ್ಲ ಮರದ ಎಳೆಗಳ ವಿನ್ಯಾಸ. ಮಲೆನಾಡಿನ ಹಳೆ ಮನೆಗಳ ಬೀಟೆ ಬಾಗಿಲಿನ ನೆನಪು ತರುವಂಥದ್ದು. ಆಸನಗಳಿಗೆ ಪಾಚಿ ಹಸಿರಿನ ಹೊದಿಕೆ, ಅಂಗೋರಾ ಮೇಕೆಯ ಕೂದಲಿನದು. ಕೈಯಾಡಿಸಿದೆ. ಒಂದು ದಿಕ್ಕಿಗೆ ಸವರಿದರೆ ಎಳೆಗರುವಿನ ಬೆನ್ನಿನಷ್ಟು ನುಣುಪು, ಎದುರು ದಿಕ್ಕಿಗೆ ಸವರಿದರೆ ಬಣ್ಣ ಗಾಢವಾಗಿ ಬೆರಳ ಗುರುತು ಉಳಿಯುತ್ತದೆ. ದಿನವೂ ಆಫೀಸಿಗೆ ಹೋಗಿ ಬರುವವರ ರೈಲಿದು! ನನ್ನ ಮುಂದೆ ಒಬ್ಬ ಅಜ್ಜಿ ಆಸನದ ಬೆನ್ನನ್ನು ಹಿಡಿದು ಆಚೆಗೆ ತಳ್ಳಿದರು; ಅದು ಸದ್ದಿಲ್ಲದೆ ವಾಲಿ, ಆಸನದ ಮುಖ ರೈಲು ಹೋಗುವ ದಿಕ್ಕಿಗೆ ತಿರುಗಿತು.

ಗಂಟೆ ಸರಿಯಾಗಿ ಹೊಡೆಯುವಾಗ ಮೂರು ರೈಲು ಒಟ್ಟಿಗೆ ಹೊರಟವು. ಒಂದು ಕೋಬೆಗೆ, ಒಂದು ತಕರಾಜುಕಾಗೆ, ಒಂದು ನಮ್ಮದು. ಯೋದೊ ನದಿಯ ಮೇಲೆ ಮೂರೂ ಅಕ್ಕಪಕ್ಕ ಓಡುವಾಗ ಆಚೆ ರೈಲಿನಲ್ಲಿ ಕೂತವರ ಕೈಯ ಪುಸ್ತಕವೂ ಕಾಣುತ್ತಿತ್ತು. ನಂದಿ ಜಾತ್ರೆಗೆ ಒಟ್ಟಾಗಿ ಹೊರಟ ಜೋಡೆತ್ತಿನ ಗಾಡಿಗಳ ಸಂಭ್ರಮ ಅದು.

ತಕತ್ಸುಕಿ ದಾಟಿದ ಮೇಲೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನ ಮಾರ್ಗ ನಮ್ಮ ಪಕ್ಕಕ್ಕೇ ಬಂತು. ಇಲ್ಲೊಂದು ಕಥೆಯಿದೆ. ಶಿಂಕಾನ್ಸೆನ್ ಕಟ್ಟುವಾಗ ಇಲ್ಲಿಯ ಮೆದುನೆಲದಲ್ಲಿ ಹಂಕ್ಯೂ ಹಳಿ ಕುಸಿದೀತೆಂದು ಎರಡನ್ನೂ ಒಟ್ಟಿಗೆ ಎತ್ತರಿಸಿದರು. ಹಂಕ್ಯೂ ಮಾರ್ಗದ ಕೆಲಸ ಮುಗಿಯುವ ತನಕ, 1963ರಲ್ಲಿ ಕೆಲವು ತಿಂಗಳು, ಅದರ ರೈಲುಗಳು ಹೊಸ ಶಿಂಕಾನ್ಸೆನ್ ಹಳಿಯ ಮೇಲೇ ಓಡಿದವು. ಎರಡರ ಹಳಿ ಅಗಲವೂ 1435 ಮಿಲಿಮೀಟರ್ ಆದ್ದರಿಂದ ಅದು ಸಾಧ್ಯವಾಯಿತು. ನಮ್ಮ ಮೆಟ್ರೋ ಹಳಿಯ ಅಗಲವೂ ಅಷ್ಟೇ. ಶಿಂಕಾನ್ಸೆನ್ ಶುರುವಾದದ್ದು 1964ರ ಅಕ್ಟೋಬರಿನಲ್ಲಿ. ಅಂದರೆ ಜಗತ್ತೇ ಬೆರಗಾಗಿ ನೋಡಿದ ಆ ಹಳಿಯ ಮೇಲೆ ಮೊದಲು ಜನರನ್ನು ಕೂರಿಸಿಕೊಂಡು ಓಡಿದ್ದು ಈ ರಾಗಿ ಬಣ್ಣದ ರೈಲು! ಕೇಳಿದಾಗ ನನಗೆ ಮೈ ಜುಮ್ಮೆಂದಿತು.

ಕತ್ಸುರಾ ನದಿ ದಾಟಿ ಸ್ವಲ್ಪ ಹೊತ್ತಿಗೆ ರೈಲು ನೆಲದೊಳಗೆ ಇಳಿಯಿತು. ಈ ಸುರಂಗದ ಮೊದಲ ಭಾಗ 1931ರದು. ಹೊರಟು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಕವಾರಮಾಚಿ ನಿಲ್ದಾಣದಲ್ಲಿದ್ದೆ. ಮೆಟ್ಟಿಲೇರಿದರೆ ಕ್ಯೋಟೋ ಪೇಟೆ.

ಒಸಾಕಾದಿಂದ ಕ್ಯೋಟೋಗೆ ಹೋಗುವ ಕನ್ನಡಿಗರು ಬುಲೆಟ್ ರೈಲಿನ ಆಸೆಯನ್ನು ಬೇರೆ ದಾರಿಗೆ ಇಟ್ಟುಕೊಳ್ಳಲಿ. ಇಲ್ಲಿ ಮಾತ್ರ ಉಮೆದಾಗೆ ಹೋಗಿ ಹಂಕ್ಯೂ ಹತ್ತಲಿ. ಮಾಮೂಲಿ ಟಿಕೆಟ್ ಸಾಕು. ವೇಗದೂತವೆಂದು ಸಾಮಾನ್ಯ ಆಸನಕ್ಕೆ ಒಂದು ಯೆನ್ ಕೂಡ ಹೆಚ್ಚು ಕೊಡಬೇಕಿಲ್ಲ.