ಶಾಸನದ ಚಿತ್ರಕ್ಕೆ ಯಾವ ಕಾಗದ?

ಶಾಸನಪಾಠವನ್ನು ಸಂಪಾದಿಸುವವರು ಕಲ್ಲು, ಲಿಪಿ, ಭಾಷೆಗಳನ್ನು ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ತಾವು ಓದಿದ ಛಾಯಾಚಿತ್ರ ಯಾವ ಕಾಗದದ ಮೇಲೆ ಮುದ್ರಿತವಾಗಿತ್ತೆಂದು ಹೇಳುವವರು ವಿರಳ. ನಾನೂ ಹೇಳಿರಲಿಲ್ಲ. ಅದರಿಂದಾದ ಒಂದು ತಪ್ಪನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

1980ರ ದಶಕದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತ, ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದೆ. ಕಾಗಿಣಾ ನದಿಯ ದಂಡೆಯ ಹೊಲವೊಂದರ ಬದುವಿನಲ್ಲಿ ಸವೆದ ದಾನಶಾಸನವೊಂದು ದೊರೆಯಿತು. ಮುಂಜಾನೆಯ ಓರೆಬಿಸಿಲಿನಲ್ಲಿ ಅದರ ಚಿತ್ರ ತೆಗೆದು, ಮುದ್ರಿಸಲೆಂದು ಚಿಂಚೋಳಿಯ ಸ್ಟುಡಿಯೋವೊಂದಕ್ಕೆ ಹೋದೆ.

ಬ್ರೋಮೈಡ್ ಕಾಗದದಲ್ಲಿ ಶ್ರೇಣಿಗಳುಂಟು. ಸಾಮಾನ್ಯವಾಗಿ 1 ಮೃದು, 2 ಮಧ್ಯಮ, 3 ಮತ್ತು 4 ಕಠಿಣ. ಮೃದು ಕಾಗದ ಕಪ್ಪು ಬಿಳುಪುಗಳ ನಡುವಣ ಬೂದು ಛಾಯೆಗಳನ್ನು ಉಳಿಸಿಕೊಳ್ಳುತ್ತದೆ. ಕಠಿಣ ಕಾಗದ ಅವನ್ನು ಎರಡರಲ್ಲೊಂದು ಬದಿಗೆ ತಳ್ಳುತ್ತದೆ. ಸ್ಟುಡಿಯೋದಲ್ಲಿದ್ದುದು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಕಾಗದ.

“ಸರ್, ಇದು ಬರೇ ಬೂದಿ ಬಣ್ಣದ ಕಲ್ಲು. ನಾರ್ಮಲ್‌ದಾಗ ಒಂದು, ಹಾರ್ಡ್‌ದಾಗ ಒಂದು ತೆಗಿಯೋಣೇನ್ರಿ?” ಎಂದು ಮಾಲೀಕರು ಕೇಳಿದರು. ಹಣ ಉಳಿಸುವ ಆಸೆಯಿಂದ ಕಠಿಣ ಕಾಗದವೊಂದೇ ಸಾಕೆಂದೆ. ಕೆಂಪು ದೀಪದ ಕೆಳಗೆ, ಡೆವಲಪರ್ ತಟ್ಟೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಕಲ್ಲಿನಲ್ಲಿ ಕಾಣದಷ್ಟು ಸ್ಪಷ್ಟವಾಗಿದ್ದವು. ಆ ಸ್ಪಷ್ಟತೆಯನ್ನೇ ನಾನು ನಂಬಿದೆ.

ಹಳೆಯ ಕನ್ನಡ ಲಿಪಿಯಲ್ಲಿ ‘ಪ’ ಮತ್ತು ‘ವ’ಗಳ ಅಂತರ ಬಹಳ ಚಿಕ್ಕದು: ‘ಪ’ದ ತಲೆ ತೆರೆದಿರುತ್ತದೆ, ‘ವ’ದ ತಲೆ ಮುಚ್ಚಿರುತ್ತದೆ. ದಾನಿಯ ಹೆಸರಿನಲ್ಲಿ ನಾನು ‘ಪ’ ಎಂದು ಓದಿ, ಅದರ ಮೇಲೊಂದು ಊಹೆಯನ್ನು ಕಟ್ಟಿ ಪ್ರಕಟಿಸಿದೆ. ಅದನ್ನು ನಂಬಿ ವಿದ್ಯಾರ್ಥಿಯೊಬ್ಬ ತನ್ನ ಸಂಶೋಧನ ಪ್ರಬಂಧದಲ್ಲಿ ಒಂದು ಪುಟವನ್ನೇ ಬರೆದ.

ಕೆಲವು ವರ್ಷಗಳ ಬಳಿಕ ಅದೇ ನೆಗೆಟಿವನ್ನು 2ನೆಯ ಶ್ರೇಣಿಯ ಕಾಗದದ ಮೇಲೆ ಮುದ್ರಿಸಿದೆ. ಚಿತ್ರ ಮಂಕಾಗಿತ್ತು, ಆದರೆ ಆ ಅಕ್ಷರದ ತಲೆಯ ಮೇಲೆ ತೆಳುವಾದ ಬೂದು ಗೆರೆಯೊಂದಿತ್ತು. ಸವೆದ ಗೆರೆಯ ನಸುನೆರಳನ್ನು ಕಠಿಣ ಕಾಗದ ಬಿಳುಪಿನಲ್ಲಿ ಅಳಿಸಿಹಾಕಿತ್ತು. ಅದು ‘ವ’. ಕಲ್ಲನ್ನೇ ನೋಡೋಣವೆಂದು ಹೋದರೆ, ಬದುವನ್ನು ಸಮಮಾಡುವಾಗ ಅದು ಒಡೆದುಹೋಗಿತ್ತು. ಉಳಿದ ಸಾಕ್ಷಿ ನೆಗೆಟಿವ್ ಒಂದೇ. ಮೊದಲು ಆ ವಿದ್ಯಾರ್ಥಿಗೆ ಪತ್ರ ಬರೆದೆ. ಆಮೇಲೆ ತಿದ್ದುಪಡಿಯನ್ನು ಪ್ರಕಟಿಸಿದೆ.

ಅಂದಿನಿಂದ ಪ್ರತಿ ಶಾಸನಕ್ಕೂ ಎರಡು ಪ್ರತಿ ತೆಗೆಸಿದ್ದೇನೆ: ಓದಲು ಕಠಿಣ, ಪರೀಕ್ಷಿಸಲು ಮೃದು. ಎರಡೂ ನುಣುಪು ಮೈಯವು, ಏಕೆಂದರೆ ಒರಟು ಮೈಯ ಕಾಗದದ ತರಿ ಭೂತಗನ್ನಡಿಯ ಕೆಳಗೆ ಗೆರೆಯೆಂಬ ಭ್ರಮೆ ಹುಟ್ಟಿಸುತ್ತದೆ. ಚಿತ್ರದ ಹಿಂಬದಿಯಲ್ಲಿ ಶ್ರೇಣಿಯನ್ನು ಬರೆದಿಡುತ್ತೇನೆ. ಇಲ್ಫೋರ್ಡ್ ಸಂಸ್ಥೆ 1940ರಲ್ಲಿ ತಂದ ಮಲ್ಟಿಗ್ರೇಡ್ ಬಗೆಯ ಕಾಗದದಲ್ಲಿ ಹಳದಿ ಫಿಲ್ಟರ್ ಮೃದುತ್ವವನ್ನೂ ಮೆಜೆಂಟಾ ಫಿಲ್ಟರ್ ಕಾಠಿಣ್ಯವನ್ನೂ ಕೊಡುತ್ತವೆ. ಅಲ್ಲಿ ಫಿಲ್ಟರನ್ನು ನಮೂದಿಸಬೇಕು.

ಇಂದು ಕಂಪ್ಯೂಟರ್ ಪರದೆಯ ಮೇಲೆ ಕಾಂಟ್ರಾಸ್ಟ್ ಹೆಚ್ಚಿಸಿ ಶಾಸನ ಓದುವ ತರುಣರೂ ಇದೇ ಆಯ್ಕೆಯನ್ನು ಮಾಡುತ್ತಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಅಕ್ಷರ ಸ್ಪಷ್ಟವಾದೊಡನೆ ಪಾಠವನ್ನು ನಿರ್ಧರಿಸಬೇಡಿ, ಮಂಕಾದ ಪ್ರತಿಯನ್ನೂ ಒಮ್ಮೆ ನೋಡಿ.