ಪಿನ್ ಇಲ್ಲದ ನಕ್ಷೆ

ಬುಕ್ಕಾಪಟ್ಟಣದ ಟೀ ಅಂಗಡಿ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ್ದೀರಿ. ಬಿಸಿಲಿಗೆ ಪರದೆ ಮಂಕಾಗಿ ನಿಮ್ಮ ಮುಖವೇ ಕಾಣುತ್ತಿದೆ. ಹುಳಿಯಾರಿನ ಕಡೆ ಹೋದ ಬಸ್ಸಿನ ದೂಳು ಕೀಲಿಗಳ ಸಂದಿಗೆ ಇಳಿದಿದೆ. ಹಾಟ್‌ಸ್ಪಾಟ್ ಒಂದು ಗೆರೆ ತೋರಿಸಿ ಮಾಯ.

ಶಿರಾದ ವರದಿಗಾರ ಕಳಿಸಿದ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಯುನಿಕೋಡ್‌ಗೆ ಪರಿವರ್ತಿಸುತ್ತೀರಿ. ಕನ್ನಡವೇನೋ ಬಂತು, ಅರ್ಕಾವತ್ತುಗಳು ಮಾತ್ರ ಅಲ್ಲಲ್ಲಿ ಜಾಗ ತಪ್ಪಿವೆ. 1996ರಲ್ಲಿ ‘ವಿಶ್ವ ಕನ್ನಡ’ ತಾಣ ಅಂತರಜಾಲಕ್ಕೆ ಬಂದ ಕಾಲದಿಂದಲೂ ಫಾಂಟಿನ ಪೀಡೆ ನಮ್ಮನ್ನು ಬಿಟ್ಟಿಲ್ಲ. ಒಂದೊಂದೇ ಸಾಲು ತಿದ್ದುತ್ತೀರಿ.

ವರದಿಗಾರ ಪಕ್ಕದಲ್ಲೇ ಕೂತು ಫೋಟೊ ತೋರಿಸುತ್ತಾರೆ. ಕುರುಚಲು ಕಾಡು, ಕೆಂಚು ಬೆನ್ನು, ಬಿಳಿ ಹೊಟ್ಟೆ, ಉಂಗುರ ಬಿದ್ದ ಕೊಂಬು.

"ಆಫೀಸಿನೋರು ಜಿಂಕೆ ಅಂತ ಹೆಡ್‌ಲೈನ್ ಹಾಕ್ತಾರಂತೆ ಮೇಡಂ."

"ಚುಕ್ಕಿ ಎಲ್ಲಿದೆ ಇದಕ್ಕೆ? ಚಿಂಕಾರ ಅಂತಲೇ ಇರಲಿ."

ಇದೇ ಪ್ರಾಣಿಗಾಗಿ ಸರ್ಕಾರ 2019ರಲ್ಲಿ ಇಲ್ಲಿನ 136 ಚದರ ಕಿ.ಮೀ. ಕಾಡನ್ನು ವನ್ಯಜೀವಿಧಾಮ ಮಾಡಿತು. ಅದಕ್ಕೂ ಮುಂಚೆ ಬಾಗಲಕೋಟೆಯ ಯಡಹಳ್ಳಿಗೆ ಆ ಭಾಗ್ಯ ಸಿಕ್ಕಿತ್ತು. ಒಣಗಿದ ಕುರುಚಲನ್ನು ಕಾಡೆಂದು ಒಪ್ಪಿಕೊಳ್ಳಲು ನಮಗೆ ಯಾವಾಗಲೂ ತಡ. ನಿಮ್ಮ ಯೋಜನೆಯೂ ಈ ಕುರುಚಲು ಕಾಡಿನದ್ದೇ: ಬೆರಳಿಟ್ಟರೆ ಫೋಟೊ, ದನಿ, ಮಾಹಿತಿ ತೆರೆದುಕೊಳ್ಳುವ ಡಿಜಿಟಲ್ ನಕ್ಷೆ.

ಬೆಂಗಳೂರಿನ ಆಫೀಸಿನಿಂದ ಫೋನು. "ಫೋಟೊ ತೆಗೆದ ಜಾಗಕ್ಕೆ ಪಿನ್ ಹಾಕ್ರೀ. ಓದುಗರು ಜೂಮ್ ಮಾಡ್ಲಿ."

ಫೋಟೊ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಬಂದಿದೆ. ಹಾಗೆ ಬಂದರೆ ಮೂಲ ವಿವರ ಅಳಿಯುವುದಿಲ್ಲ. ಪ್ರಾಪರ್ಟೀಸ್ ಒತ್ತುತ್ತೀರಿ. ದಿನಾಂಕ, ಗಂಟೆ, ಅದರ ಕೆಳಗೆ ಅಕ್ಷಾಂಶ, ರೇಖಾಂಶ. ಬಂದೂಕು ಹಿಡಿದವನಿಗೆ ದಾರಿ ಹೇಳಲು ಇಷ್ಟು ಸಾಕು. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯ ವಿಳಾಸವನ್ನು ಕ್ಲಿಕ್ಕಿನ ಆಸೆಗೆ ಹಂಚುವುದು ಪತ್ರಿಕೋದ್ಯಮವಲ್ಲ ಎಂದೇ ನನ್ನ ಅಭಿಪ್ರಾಯ.

"ಪಿನ್ ಇರಲ್ಲ ಸಾರ್. ಧಾಮದ ಗಡಿಗೆರೆ ಇರುತ್ತೆ, ಅಷ್ಟೇ."

ಆ ಕಡೆ ಗೊಣಗಾಟ. ನೀವು ಆಗಲೇ ವಿವರ ಅಳಿಸಿ ಹೊಸ ಪ್ರತಿ ಉಳಿಸಿದ್ದೀರಿ. ಹಿನ್ನೆಲೆಯಲ್ಲಿ ಒಂದು ಬಂಡೆಗುಡ್ಡ, ಊರಿನವರು ಕಂಡ ಕೂಡಲೇ ಗುರುತಿಸುವಂಥದ್ದು. ಅದನ್ನೂ ಕತ್ತರಿಸುತ್ತೀರಿ.

"ಮೇಡಂ, ಫೋಟೊ ಅರ್ಧ ಹೋಯ್ತಲ್ಲ!"

"ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೀನಿ, ಬಿಡಿ."

ಮತ್ತೆ ಎರಡು ಗೆರೆ ಸಿಗ್ನಲ್. ಅಪ್‌ಲೋಡ್ ಒತ್ತಿ, ನೋಟಿಫಿಕೇಶನ್‌ಗೆ ಒಂದು ಸಾಲು ಬರೆಯತೊಡಗುತ್ತೀರಿ.